ಸೌದೆಯ ರಾಶಿಯನ್ನು ಅಳೆಯುವುದು ಹೇಗೆ?

ಯಲಹಂಕದ ನಮ್ಮ ಬಂಧುಗಳ ಮನೆಯಲ್ಲಿ ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಮದುವೆ ನಡೆಯಿತು. ಅಡಿಗೆಯ ಒಲೆಗಳಿಗೆ ಸೌದೆ ತರಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಭೌತವಿಜ್ಞಾನವನ್ನು ಬೋಧಿಸುವವನು ತೂಕ ಅಳತೆಗಳಲ್ಲಿ ಮೋಸಹೋಗಲಾರನೆಂದು ಹಿರಿಯರು ಭಾವಿಸಿರಬೇಕು. ಸೌದೆ ಡಿಪೋ ಒಂದರಿಂದ ಒಂದು ಟನ್, ಎಂದರೆ 1,000 ಕಿಲೋಗ್ರಾಂ ನೀಲಗಿರಿ ಕಟ್ಟಿಗೆಯನ್ನು ಕೊಂಡುತಂದೆ. ತೂಕದ ಚೀಟಿಯನ್ನು ಎರಡು ಸಲ ನೋಡಿದೆ. ತೂಕ ಸರಿಯಾಗಿಯೇ ಇತ್ತು. ಆದರೆ ಅಡಿಗೆಯ ಹಿರಿಯರು ಎರಡು ಕಟ್ಟಿಗೆಗಳನ್ನು ಕೈಗೆತ್ತಿಕೊಂಡು, ಒಂದಕ್ಕೊಂದು ತಟ್ಟಿ, ಸದ್ದನ್ನು ಆಲಿಸಿ, "ಸ್ವಾಮಿ, ತಾವು ಅರ್ಧ ನೀರನ್ನೇ ತೂಗಿಸಿ ತಂದಿದ್ದೀರಿ" ಎಂದುಬಿಟ್ಟರು.

ಮರುದಿನ ಬೆಳಗಿನ ಜಾವ ಅವರ ಮಾತು ನಿಜವಾಯಿತು. ಒಲೆಯಲ್ಲಿ ಉರಿಗಿಂತ ಹೊಗೆಯೇ ಹೆಚ್ಚು. ಕಟ್ಟಿಗೆಯ ತುದಿಗಳಿಂದ ನೊರೆ ಉಕ್ಕುತ್ತಿತ್ತು. ಅನ್ನದ ಕೊಪ್ಪರಿಗೆಯ ಮುಂದೆ ಕುಳಿತಿದ್ದ ಹೆಂಗಸರ ಕಣ್ಣುಗಳು ಕೆಂಪಾಗಿದ್ದುವು. ನೆಂಟರು ಊಟಕ್ಕೆ ಒಂದು ಗಂಟೆ ಹೆಚ್ಚಾಗಿ ಕಾಯಬೇಕಾಯಿತು. ತೂಕ ಸರಿಯಾಗಿದ್ದೂ ನಾನು ಮೋಸಹೋದುದು ಹೇಗೆ?

ಅಡಿಗೆಯವರ ಮಾತನ್ನು ಕೇಳಿದ ಸಂಜೆಯೇ, ಸ್ವಲ್ಪ ಅಭಿಮಾನಭಂಗದಿಂದ, ನಾನು ಒಂದು ಅಳತೆಯ ಪಟ್ಟಿಯನ್ನು ಹಿಡಿದು ರಾಶಿಯ ಬಳಿಗೆ ಹೋಗಿದ್ದೆ. ಕೂಲಿಯವರು ಕಾಂಪೌಂಡಿನ ಗೋಡೆಗೆ ಒತ್ತಿ ಅದನ್ನು ಅಚ್ಚುಕಟ್ಟಾಗಿ ಜೋಡಿಸಿದ್ದರು. ಕಟ್ಟಿಗೆಗಳೆಲ್ಲ ಒಂದೊಂದು ಮೀಟರು ಉದ್ದ. ರಾಶಿಯ ಅಗಲ ಒಂದೂವರೆ ಮೀಟರು, ಎತ್ತರ ಒಂದು ಮೀಟರು. ಆದ್ದರಿಂದ ರಾಶಿಯ ಘನಫಲ 1.5 ಘನಮೀಟರು. ಆದರೆ ಇದು ಮರದ ಘನಫಲವಲ್ಲ. ಮರವೂ ಮರಗಳ ನಡುವಣ ಗಾಳಿಯೂ ಸೇರಿದ ಘನಫಲ. ಗಾಳಿಯ ಪಾಲೆಷ್ಟು?

ಒಂದೇ ದಪ್ಪದ ದುಂಡು ಕಟ್ಟಿಗೆಗಳನ್ನು ಒಂದರ ನೆತ್ತಿಯ ಮೇಲೆ ಇನ್ನೊಂದು ಬರುವಂತೆ ಜೋಡಿಸಿದರೆ, ಪ್ರತಿಯೊಂದು ವೃತ್ತವೂ ಒಂದು ಚೌಕದೊಳಗೆ ಕುಳಿತಂತಾಗುತ್ತದೆ. ವೃತ್ತವು ಚೌಕದ ಶೇಕಡಾ 78.5ರಷ್ಟನ್ನು ತುಂಬುತ್ತದೆ. ಮೇಲಿನ ಸಾಲನ್ನು ಕೆಳಗಿನ ಸಾಲಿನ ತಗ್ಗುಗಳಲ್ಲಿ ಕೂರಿಸಿದರೆ ಶೇಕಡಾ 90.7ರವರೆಗೆ ತುಂಬುತ್ತದೆ. ಈ ಎರಡು ಸಂಖ್ಯೆಗಳಲ್ಲಿಯೂ ಕಟ್ಟಿಗೆಯ ವ್ಯಾಸ ಎಲ್ಲಿಯೂ ಬರುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ದಪ್ಪ ಕಟ್ಟಿಗೆಯ ರಾಶಿಯಲ್ಲಿ ಮರ ಹೆಚ್ಚು, ಸಣ್ಣ ಕಟ್ಟಿಗೆಯ ರಾಶಿಯಲ್ಲಿ ಗಾಳಿ ಹೆಚ್ಚು ಎಂಬ ಸಾಮಾನ್ಯ ನಂಬಿಕೆಗೆ ರೇಖಾಗಣಿತದ ಬೆಂಬಲವಿಲ್ಲ. ಸಣ್ಣ ಕಟ್ಟಿಗೆಗಳು ಹೆಚ್ಚು ಡೊಂಕಾಗಿರುತ್ತವೆ, ಅಷ್ಟೆ. ಆ ಡೊಂಕಿನಿಂದಲೇ ನಿಜವಾದ ರಾಶಿ ಈ ಆದರ್ಶಗಳನ್ನು ಮುಟ್ಟುವುದಿಲ್ಲ.

ಫ್ರಾನ್ಸಿನಲ್ಲಿ 1795ರಲ್ಲಿ ಮೆಟ್ರಿಕ್ ಪದ್ಧತಿಯನ್ನು ರಚಿಸಿದಾಗ, ಸೌದೆಗೆಂದೇ ಒಂದು ಘನಮೀಟರಿನ ಅಳತೆಯನ್ನು ಏರ್ಪಡಿಸಿ ಅದಕ್ಕೆ 'ಸ್ಟೀರ್' ಎಂದು ಹೆಸರಿಟ್ಟರು. ಗ್ರೀಕ್ ಮೂಲದಲ್ಲಿ ಆ ಪದಕ್ಕೆ 'ಘನ' ಎಂದು ಅರ್ಥ. ಗಾಳಿಯನ್ನು ಒಳಗೊಂಡ ರಾಶಿಗೆ ಅಂಥ ಹೆಸರು ಬಂದುದು ವಿನೋದವೇ ಸರಿ!

ಮರದ ನಿಜವಾದ ಘನಫಲವನ್ನು ತಿಳಿಯಲು ಕಟ್ಟಿಗೆಗಳನ್ನೇ ಅಳೆಯಬೇಕು. ನಡುಭಾಗದ ಸುತ್ತಳತೆಯನ್ನು ದಾರದಿಂದ ಅಳೆದು, ಅದರ ವರ್ಗವನ್ನು ಉದ್ದದಿಂದ ಗುಣಿಸಿ, 12.57ರಿಂದ ಭಾಗಿಸಿದರೆ ಸಾಕು. ನಮ್ಮ ರಾಶಿಯಲ್ಲಿ 77 ಕಟ್ಟಿಗೆಗಳಿದ್ದುವು. ಸುತ್ತಳತೆ ಸರಾಸರಿ 40 ಸೆಂಟಿಮೀಟರು. ಒಂದು ಕಟ್ಟಿಗೆಯ ಘನಫಲ 0.0127 ಘನಮೀಟರು, 77ಕ್ಕೆ 0.98. ಎಂದರೆ ರಾಶಿಯಲ್ಲಿ ಮರದ ಪಾಲು ಶೇಕಡಾ 65. ಮರದ ವ್ಯಾಪಾರದಲ್ಲಿ ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುವ ಹಳೆಯ ಲೆಕ್ಕವೊಂದುಂಟು. ಅದು ನಿಜವಾದ ಘನಫಲದ ಶೇಕಡಾ 78.5ರಷ್ಟನ್ನು ಮಾತ್ರ ಕೊಡುತ್ತದೆ. ಚೌಕದೊಳಗಿನ ವೃತ್ತದ ಸಂಖ್ಯೆಯೇ ಇಲ್ಲಿಯೂ ಏಕೆ ಬಂದಿತೆಂಬುದನ್ನು ಓದುಗರು ತಾವೇ ಕಂಡುಕೊಳ್ಳಬಹುದು.

ಈಗ ತೂಕವನ್ನೂ ಘನಫಲವನ್ನೂ ಒಟ್ಟಿಗೆ ಇಟ್ಟು ನೋಡೋಣ. 1,000 ಕಿಲೋಗ್ರಾಮನ್ನು 0.98ರಿಂದ ಭಾಗಿಸಿದರೆ ಸಾಂದ್ರತೆ ಘನಮೀಟರಿಗೆ 1,020 ಕಿಲೋಗ್ರಾಂ, ಹೆಚ್ಚುಕಡಿಮೆ ನೀರಿನಷ್ಟೆ. ಒಂದು ಘನಮೀಟರು ಹಸಿ ನೀಲಗಿರಿಯಲ್ಲಿ ಒಣ ಮರದ ಪದಾರ್ಥ ಸುಮಾರು 550 ಕಿಲೋಗ್ರಾಂ ಇರುತ್ತದೆ. ಮರದ ವಯಸ್ಸಿಗೆ ತಕ್ಕಂತೆ ಇದು ಸ್ವಲ್ಪ ಏರುಪೇರಾಗುತ್ತದೆ. ಉಳಿದುದೆಲ್ಲ ನೀರು. ನನ್ನ ಒಂದು ಟನ್ನಿನಲ್ಲಿ ಸುಮಾರು 550 ಕಿಲೋಗ್ರಾಂ ಮರವೂ 450 ಕಿಲೋಗ್ರಾಂ ನೀರೂ ಇದ್ದುವೆಂದಾಯಿತು. ತಕ್ಕಡಿಗೆ ನೀರು ಕಾಣುವುದಿಲ್ಲ. ಅಳತೆಯ ಪಟ್ಟಿಗೂ ಕಾಣುವುದಿಲ್ಲ. ಎರಡನ್ನೂ ಕೂಡಿಸಿದಾಗ ಕಾಣುತ್ತದೆ.

ಇದರಿಂದ ಆದ ನಷ್ಟವೆಷ್ಟು? ಒಂದು ಕಿಲೋಗ್ರಾಂ ಪೂರ್ಣವಾಗಿ ಒಣಗಿದ ಮರ ಉರಿದಾಗ ಸುಮಾರು 4,500 ಕಿಲೋಕ್ಯಾಲೊರಿ ಉಷ್ಣ ಹೊರಬೀಳುತ್ತದೆ. 550 ಕಿಲೋಗ್ರಾಮಿಗೆ 24.75 ಲಕ್ಷ. ಇದರಲ್ಲಿ 450 ಕಿಲೋಗ್ರಾಂ ನೀರನ್ನು ಕಾಯಿಸಿ ಆವಿಯಾಗಿಸಲು, ಗುಪ್ತೋಷ್ಣವೂ ಸೇರಿ, ಕಿಲೋಗ್ರಾಮಿಗೆ 615ರಂತೆ 2.77 ಲಕ್ಷ ಖರ್ಚಾಗುತ್ತದೆ. ಉಳಿಯುವುದು ಸುಮಾರು 22 ಲಕ್ಷ. ಚೆನ್ನಾಗಿ ಗಾಳಿಗೆ ಒಣಗಿದ ಸೌದೆಯಲ್ಲಿ ನೀರು ಶೇಕಡಾ 15ರಷ್ಟು ಮಾತ್ರ. ಅಂಥ ಒಂದು ಟನ್ನಿನಿಂದ ಇದೇ ಲೆಕ್ಕದಂತೆ ಸುಮಾರು 37 ಲಕ್ಷ ಸಿಕ್ಕುತ್ತಿತ್ತು. ಆದ್ದರಿಂದ ನಾನು ತಂದ ಸೌದೆಗೆ ಒಣ ಸೌದೆಯ ಬೆಲೆಯ ಐದರಲ್ಲಿ ಮೂರು ಪಾಲು ಕೊಟ್ಟಿದ್ದರೆ ನ್ಯಾಯವಾಗುತ್ತಿತ್ತು.

ನೀರನ್ನು ಆವಿಯಾಗಿಸಲು ವ್ಯಯವಾದ ಉಷ್ಣ ನೂರಕ್ಕೆ ಹನ್ನೊಂದರಷ್ಟೇ ಎಂಬುದು ಮೊದಲು ನನಗೂ ಆಶ್ಚರ್ಯವನ್ನುಂಟುಮಾಡಿತು. ಆದರೆ ಕೆಡುಕು ಅಷ್ಟಕ್ಕೇ ನಿಲ್ಲುವುದಿಲ್ಲ. ಕಾದ ಮರದಿಂದ ಹೊರಡುವ ಅನಿಲಗಳು ಹೊತ್ತಿ ಉರಿಯಬೇಕಾದರೆ ಒಲೆಯೊಳಗೆ ಸಾಕಷ್ಟು ಉಷ್ಣತೆ ಬೇಕು. ಆವಿಯು ಆ ಉಷ್ಣತೆಯನ್ನು ತಗ್ಗಿಸುವುದರಿಂದ ಅನಿಲಗಳು ಉರಿಯದೆಯೇ ಹೊರಬೀಳುತ್ತವೆ. ನಾವು ಹೊಗೆಯೆಂದು ಕರೆಯುವುದು ಉರಿಯದೆ ಉಳಿದ ಸೌದೆಯನ್ನೇ. ಕೊಪ್ಪರಿಗೆಯನ್ನು ಕಾಯಿಸಬೇಕಾಗಿದ್ದುದು ಕಣ್ಣನ್ನೂ ಪುಪ್ಪುಸವನ್ನೂ ಸೇರುತ್ತದೆ.

ಮದುವೆಯ ಮನೆಗೆ ಇದು ಒಂದು ದಿನದ ತೊಂದರೆ. ಅಂದಂದಿನ ಸೌದೆಯನ್ನು ಅಂದೇ ಕೊಳ್ಳುವ ಬಡವರಿಗೆ ಹಾಗಲ್ಲ. ಒಣಗಿಸಿಡಲು ಅವರಿಗೆ ಅಂಗಳವೂ ಇಲ್ಲ, ಕಾಯಲು ಸಮಯವೂ ಇಲ್ಲ. ಯಶವಂತಪುರದ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಸ್ಥಾಪಿಸಿದ ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಸೌದೆಯ ವಿಷಯವನ್ನೇ ಅಧ್ಯಯನ ಮಾಡಿ 1983ರಲ್ಲಿ ಲೇಖನ ಪ್ರಕಟಿಸಿದರು. ಹೊಗೆ ಕಡಿಮೆಯಾದ, ಸೌದೆ ಉಳಿಸುವ 'ಅಸ್ತ್ರ ಒಲೆ'ಯೂ ಆ ಕೇಂದ್ರದ್ದೇ.

ಇನ್ನು ಕಡಿಯುವ ಮಾತು. ಮೀಟರು ಉದ್ದದ ಕಟ್ಟಿಗೆಯನ್ನು ಗರಗಸದಿಂದ ಎರಡಾಗಿ ಕೊಯ್ದು, ಒಂದೊಂದು ತುಂಡನ್ನೂ ನಾಲ್ಕು ಸೀಳಾಗಿ ಮಾಡಿದರೆ ಎಂಟು ಸೌದೆಗಳಾಗುತ್ತವೆ. ಒಂದು ಸಲಕ್ಕೆ ಒಂದನ್ನೇ ಎರಡು ಮಾಡುವುದಾದರೆ, ಯಾವ ಕ್ರಮದಲ್ಲಿ ಕಡಿದರೂ ಏಳು ಸಲ ಬೇರ್ಪಡಿಸಲೇಬೇಕು. ಪ್ರತಿ ಸಲವೂ ತುಂಡುಗಳ ಸಂಖ್ಯೆ ಒಂದೇ ಒಂದು ಹೆಚ್ಚುವುದಷ್ಟೆ. 77 ಕಟ್ಟಿಗೆಗಳಿಗೆ 539 ಸಲ! ಸೌದೆ ಒಡೆಯುವವನು ಕೇಳುವ ಕೂಲಿಯ ಬಗೆಗೆ ಚೌಕಾಸಿ ಮಾಡುವ ಮೊದಲು ಈ ಲೆಕ್ಕವನ್ನು ಮಾಡಿನೋಡುವುದು ಒಳ್ಳೆಯದು.

ಸೀಳುವುದರಿಂದ ಆಗುವ ಲಾಭವೂ ದೊಡ್ಡದು. ದುಂಡು ಕಟ್ಟಿಗೆಯನ್ನು ನಾಲ್ಕಾಗಿ ಸೀಳಿದಾಗ ಅದರ ಪಕ್ಕದ ಮೈ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚುತ್ತದೆ. ಹೊಸ ಮೈಗಳಿಗೆ ತೇವವನ್ನು ತಡೆಯುವ ತೊಗಟೆಯೂ ಇರುವುದಿಲ್ಲ. ಒಳಗಿನ ನೀರು ಮೈಗೆ ಬರಲು ಹಿಡಿಯುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ದಪ್ಪ ಅರ್ಧವಾದರೆ ಕಾಲ ನಾಲ್ಕನೆಯ ಒಂದಾಗುತ್ತದೆ. ನೀರು ಎಳೆಯ ಉದ್ದಕ್ಕೆ ಬಹು ಸುಲಭವಾಗಿ ಹರಿಯುವುದರಿಂದ ಗಿಡ್ಡ ತುಂಡುಗಳು ಬೇಗ ಒಣಗುತ್ತವೆ. ಎಳೆಗಳನ್ನು ಕತ್ತರಿಸುವುದು ಕಷ್ಟ, ಒಂದರಿಂದೊಂದನ್ನು ಬಿಡಿಸುವುದು ಸುಲಭ. ಅಡ್ಡಕ್ಕೆ ಗರಗಸವನ್ನೂ ಉದ್ದಕ್ಕೆ ಕೊಡಲಿಯನ್ನೂ ಬಳಸುವುದು ಇದಕ್ಕಾಗಿಯೆ. ನೀಲಗಿರಿಯ ಎಳೆ ಅನೇಕ ವೇಳೆ ತಿರುಚಿಕೊಂಡಿರುವುದರಿಂದ, ಅದನ್ನು ಹಸಿಯಾಗಿರುವಾಗಲೇ ಸೀಳಿಬಿಡಬೇಕು. ಒಣಗಿದ ಮೇಲೆ ಅದು ಕೊಡಲಿಯನ್ನೇ ಕಚ್ಚಿಹಿಡಿಯುತ್ತದೆ.

ಮದುವೆ ಮುಗಿದ ಮೇಲೆ ಉಳಿದ ಕಟ್ಟಿಗೆಯನ್ನು ಸೀಳಿಸಿ, ಬಿಸಿಲು ಬೀಳುವ ಕಡೆ, ಇಟ್ಟಿಗೆಗಳ ಮೇಲೆ, ಗಾಳಿಯಾಡುವಂತೆ ಅಡ್ಡಡ್ಡಲಾಗಿ ಪೇರಿಸಿದೆವು. ಒಂದು ಸೀಳಿಗೆ ಗುರುತು ಮಾಡಿ ಪ್ರತಿ ಭಾನುವಾರವೂ ತೂಗುತ್ತಿದ್ದೆ. ಮೊದಲ ವಾರಗಳಲ್ಲಿ ತೂಕ ಬೇಗ ಇಳಿದು, ಆಮೇಲೆ ನಿಧಾನವಾಗಿ, ಕೊನೆಗೆ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿ ನಿಂತಿತು. ಅಂದು ಎರಡು ಸೀಳುಗಳನ್ನು ತೆಗೆದು ಒಂದಕ್ಕೊಂದು ತಟ್ಟಿದೆ. ಹಸಿಯಲ್ಲಿ ಕಂಪನಗಳನ್ನು ಬೇಗನೆ ಅಡಗಿಸಿಬಿಡುತ್ತಿದ್ದ ನೀರು ಹೋಗಿ, ಎಳೆಗಳು ಬಿಗಿತುಕೊಂಡಿದ್ದುವು. 'ಡಬ್' ಎನ್ನುತ್ತಿದ್ದ ಮರ 'ಟಣ್' ಎಂದಿತು.