ಪಾಲು ಮೊದಲು, ಕೂಲಿ ಅನಂತರ

ಸಾಗರ ಸಮೀಪದ ವರದಹಳ್ಳಿಯ ಶ್ರೀಧರಾಶ್ರಮಕ್ಕೆ ಹೋಗಿದ್ದಾಗ ನನ್ನ ಐದು ವರ್ಷದ ಮೊಮ್ಮಗ, ಯಾರೂ ಹೇಳದೆಯೇ, ನಮ್ಮೆಲ್ಲರ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟ. ಹಿಗ್ಗಿದ ನಾನು, ಮನೆಯಲ್ಲಿಯೂ ಹಾಗೆ ಮಾಡಿದರೆ ದಿನಕ್ಕೊಂದು ಚಾಕೊಲೇಟು ಕೊಡುವುದಾಗಿ ಘೋಷಿಸಿದೆ. ಹತ್ತು ದಿನ ಯೋಜನೆ ಸಾಂಗವಾಗಿ ನಡೆಯಿತು. ಹನ್ನೊಂದನೆಯ ದಿನ ಡಬ್ಬಿ ಖಾಲಿಯಾಗಿತ್ತು. ‘ಇವತ್ತು ಎಂತ ಕೊಡ್ತೀಯ ಅಜ್ಜ?’ ಎಂದು ಕೇಳಿದ. ಉತ್ತರ ಸಿಗದಿದ್ದಾಗ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ದಾಟಿಕೊಂಡು ಹೊರಟುಹೋದ.

ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಪ್ರೋತ್ಸಾಹಧನದ ಕಡತಗಳನ್ನು ನೋಡಿದ್ದ ನನಗೆ ಈ ಪಾಠ ಹೊಸದಾಗಬಾರದಿತ್ತು. ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬರೆಯುವುದರಲ್ಲಿ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಹುಮಾನಪತ್ರದ ಆಸೆ ತೋರಿಸಿ ಬರೆಸಿದರು. ಕೆಲವರಿಗೆ ಬರೆದ ಮೇಲೆ ಅನಿರೀಕ್ಷಿತವಾಗಿ ಕೊಟ್ಟರು. ಉಳಿದವರಿಗೆ ಏನನ್ನೂ ಕೊಡಲಿಲ್ಲ. ಕೆಲವು ದಿನಗಳ ಬಳಿಕ ನೋಡಿದರೆ, ಮೊದಲೇ ಆಸೆ ಹುಟ್ಟಿಸಿದ್ದ ಮಕ್ಕಳು ಚಿತ್ರ ಬರೆಯಲು ವ್ಯಯಿಸಿದ ಸಮಯ ಮಿಕ್ಕವರದರ ಸುಮಾರು ಅರ್ಧದಷ್ಟೇ ಇತ್ತು. ಅನಿರೀಕ್ಷಿತ ಬಹುಮಾನ ಅಂಥ ಹಾನಿ ಮಾಡಿರಲಿಲ್ಲ.

ದಂಡದ ಕಥೆಯೂ ಇದೇ. ಇಸ್ರೇಲಿನ ಹೈಫಾ ನಗರದ ಶಿಶುಪಾಲನಾ ಕೇಂದ್ರಗಳಲ್ಲಿ ತಡವಾಗಿ ಬರುವ ಪೋಷಕರಿಗೆ ದಂಡ ವಿಧಿಸಿದಾಗ ವಿಳಂಬ ಹೆಚ್ಚಿತು. ದಂಡ ಕೈಬಿಟ್ಟ ಮೇಲೂ ತಗ್ಗಲಿಲ್ಲ ಎಂದು ಗ್ನೀಝಿ ಮತ್ತು ರುಸ್ತಿಚಿನಿ 2000ದಲ್ಲಿ ವರದಿ ಮಾಡಿದರು. ಹೊಣೆಗೆ ಒಮ್ಮೆ ಬೆಲೆ ಕಟ್ಟಿದರೆ ಅದು ಹೊಣೆಯಾಗಿ ಉಳಿಯುವುದಿಲ್ಲ.

ಹಾಗೆಂದು ಬಹುಮಾನವೇ ತ್ಯಾಜ್ಯವೆಂದಲ್ಲ. ಹಲ್ಲುಜ್ಜುವಂಥ, ಮಗುವಿಗೆ ಸ್ವತಃ ರುಚಿಸದ ಕೆಲಸಕ್ಕೆ ಆರಂಭದಲ್ಲಿ ಸಣ್ಣ ಉತ್ತೇಜನ ನೆರವಾಗುತ್ತದೆ. ಅಭ್ಯಾಸ ಕುದುರಿದಂತೆ ಅದನ್ನು ಹಿಂತೆಗೆಯಬೇಕು. ಅಡಕೆಯ ಸಸಿಗೆ ಬೇಸಿಗೆಯಲ್ಲಿ ನೆರಳು ಕಟ್ಟುತ್ತೇವೆ. ಮರವಾದ ಮೇಲೂ ಕಟ್ಟುತ್ತೇವೆಯೇ? ‘ಜಾಣ’ ಎಂಬ ಸಾರಾಸಗಟು ಹೊಗಳಿಕೆಗಿಂತ, ‘ನೀನು ಜೋಡಿಸಿದ್ದರಿಂದ ಅಜ್ಜಿ ಎಡವಲಿಲ್ಲ’ ಎಂಬ ಮಾತಿಗೆ ಹೆಚ್ಚು ಬೆಲೆಯಿದೆ. ಮಾಡಿದ ಕೆಲಸದಿಂದ ಯಾರಿಗೆ ಏನಾಯಿತೆಂಬುದನ್ನು ಅದು ಮಗುವಿಗೆ ಕಾಣಿಸುತ್ತದೆ.

ಈಗ ನಮ್ಮ ಮನೆಯಲ್ಲಿ ಚಾಕೊಲೇಟಿಗೂ ಚಪ್ಪಲಿಗೂ ಸಂಬಂಧವಿಲ್ಲ. ಚಪ್ಪಲಿಯ ಸಾಲು ಅವನ ಪಾಲಿನ ಕೆಲಸ, ಹಾಲು ತರುವುದು ನನ್ನ ಪಾಲಿನದು. ಕೆಲವು ದಿನ ಅವನು ಮರೆಯುತ್ತಾನೆ. ಕೆಲವು ದಿನ ನಾನು. ಆಶ್ರಮದಲ್ಲಿ ಪ್ರಸಾದ ಕೊಡುವವರು, ಚಪ್ಪಲಿ ಜೋಡಿಸಿದವರು ಯಾರು ಎಂದು ವಿಚಾರಿಸಿರಲಿಲ್ಲ. ಸಿಹಿ ಎಲ್ಲರ ಪಾಲಿನದು, ಕೆಲಸವೂ ಎಲ್ಲರ ಪಾಲಿನದು. ಕೂಲಿಯ ಲೆಕ್ಕವನ್ನು ಲೋಕ ಹೇಗೂ ಕಲಿಸುತ್ತದೆ. ಪಾಲಿನ ಲೆಕ್ಕವನ್ನು ಮನೆಯೇ ಕಲಿಸಬೇಕು.