ನಂದಿ ಹಾದಿಯ ಕಲ್ಲುಕಟ್ಟಡದ ನಿಲ್ದಾಣಗಳು

ರೈಲ್ವೆ ಪರಂಪರೆ ಎಂದೊಡನೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಆಗಲಿ, ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ–ಶಿಮ್ಲಾ ಬೆಟ್ಟದ ಹಳಿಗಳಾಗಲಿ ನೆನಪಿಗೆ ಬರುವುದು ಸಹಜ. ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವ ಭಾರತೀಯ ರೈಲ್ವೆಯ ತಾಣಗಳೂ ಇವೇ. ಆದರೆ ರೈಲು ಈ ನಾಡಿನ ಬದುಕನ್ನು ಬದಲಿಸಿದ್ದು ಇಂಥ ಕೆಲವು ಹೆಸರಾಂತ ಜಾಗಗಳಿಗಿಂತ ಹೆಚ್ಚಾಗಿ, ಹೊಲಗಳ ನಡುವೆ ಎರಡು ಮೂರು ಕೋಣೆಗಳಷ್ಟೇ ಇದ್ದ ಸಾವಿರಾರು ಸಣ್ಣ ನಿಲ್ದಾಣಗಳ ಮೂಲಕ. ಅವುಗಳ ಮೌಲ್ಯವನ್ನು ಅಳೆಯುವುದು ಹೇಗೆ, ಉಳಿಸಿಕೊಳ್ಳುವ ದಾರಿಗಳು ಯಾವುವು ಎಂಬ ಪ್ರಶ್ನೆಗಳನ್ನು ವಿಚಾರಿಸಲು ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಾದಿಯಲ್ಲಿರುವ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ಮತ್ತು ನಂದಿ ಹಾಲ್ಟ್ ನಿಲ್ದಾಣಗಳು ತಕ್ಕ ಉದಾಹರಣೆಗಳು.

ಮೈಸೂರು ಸಂಸ್ಥಾನಕ್ಕೆ ರೈಲು ಬಂದದ್ದು 1864ರಲ್ಲಿ, ಮದ್ರಾಸ್ ರೈಲ್ವೆಯ ಹಳಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡುಪ್ರದೇಶವನ್ನು ಮುಟ್ಟಿದಾಗ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗ 1882ರಲ್ಲಿ ಪೂರ್ಣಗೊಂಡಿತು. ಇಂಥ ಹೆದ್ದಾರಿ ಹಳಿಗಳು ಮುಟ್ಟದ ತಾಲ್ಲೂಕು ಕೇಂದ್ರಗಳನ್ನು ಕಡಿಮೆ ಖರ್ಚಿನಲ್ಲಿ ಜೋಡಿಸಲು ಕಂಡುಕೊಂಡ ಉಪಾಯವೇ ಲೈಟ್ ರೈಲ್ವೆ, ಎಂದರೆ ಹಗುರ ಹಳಿ, ಸಣ್ಣ ಎಂಜಿನ್, ಸರಳ ಕಟ್ಟಡಗಳಿಂದ ಕೂಡಿದ ಕಿರುರೈಲು. ಹಳಿಗಳ ನಡುವಣ ಅಂತರವನ್ನು ಗೇಜ್ ಎನ್ನುತ್ತಾರೆ. ಬ್ರಾಡ್ ಗೇಜಿನಲ್ಲಿ ಅದು 1,676 ಮಿಲಿಮೀಟರ್, ಮೀಟರ್ ಗೇಜಿನಲ್ಲಿ 1,000, ಈ ಕಿರುರೈಲುಗಳ ನ್ಯಾರೋ ಗೇಜಿನಲ್ಲಿ ಕೇವಲ 762, ಅಂದರೆ ಎರಡೂವರೆ ಅಡಿ. ಅಂತರ ಕಡಿಮೆಯಾದಷ್ಟೂ ಬೇಕಾದ ಭೂಮಿಯೂ ಕಡಿಮೆ, ತಿರುವುಗಳೂ ಬಿಗಿ, ಸೇತುವೆಗಳೂ ಸಣ್ಣವು. ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಇಂಥ ಮಾರ್ಗ 1913ರಲ್ಲಿ ತೆರೆಯಿತು; 1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಓಡತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಗೆ ಸೇರಿದ ಈ ಹಾದಿಗಳಲ್ಲಿ, ಒಳನಾಡಿನ ಬೆಳೆಯನ್ನು ಪೇಟೆಗೆ, ಪೇಟೆಯ ಸರಕನ್ನು ಒಳನಾಡಿಗೆ ಸಾಗಿಸಿ ಸಂಸ್ಥಾನವನ್ನು ಆರ್ಥಿಕವಾಗಿ ಒಗ್ಗೂಡಿಸಬೇಕೆಂಬ ಅಂದಿನ ಆಶಯ ಕಾಣುತ್ತದೆ. ಹೀಗಾಗಿ ಆವತಿಹಳ್ಳಿಯಂಥ ಪುಟ್ಟ ನಿಲ್ದಾಣವೂ ಒಂದು ಸಂಸ್ಥಾನ ತನ್ನ ಹಳ್ಳಿಗಳ ಬಗ್ಗೆ ತಳೆದಿದ್ದ ನಿಲುವಿನ ದಾಖಲೆ. ಲಿಖಿತ ಕಡತಗಳಿಗೆ ಕೊಡುವ ಮನ್ನಣೆಯನ್ನು ಈ ಕಲ್ಲಿನ ದಾಖಲೆಗೂ ಕೊಡಬೇಕಾದದ್ದು ನ್ಯಾಯ.

ಈ ನಿಲ್ದಾಣಗಳ ಕಲ್ಲಿನ ಗೋಡೆ ಮತ್ತು ಮಂಗಳೂರು ಹೆಂಚಿನ ಇಳಿಜಾರು ಮಾಡು ಮೇಲ್ನೋಟಕ್ಕೆ ತೀರ ಸಾಮಾನ್ಯವೆನಿಸಬಹುದಾದರೂ ಅವುಗಳೊಳಗೆ ಎರಡು ಬೇರೆ ಬೇರೆ ಚರಿತ್ರೆಗಳು ಕೂಡಿಕೊಂಡಿವೆ. ನಂದಿಬೆಟ್ಟದ ಸುತ್ತಲಿನ ಪ್ರದೇಶ ಗ್ರಾನೈಟಿನದು. ಉಳಿ ಮತ್ತು ಬೆಣೆಯಿಂದ ಬಂಡೆಯನ್ನು ಸೀಳಿ, ಮುಖ ಹದಮಾಡಿ, ವರಸೆಯಿಂದ ಕೂಡಿಸುವ ಕಲೆ ಇಲ್ಲಿನ ಕಲ್ಲುಕುಟಿಗರಿಗೆ ಭೋಗನಂದೀಶ್ವರ ದೇವಾಲಯದ ಕಾಲದಿಂದ ತಲೆಮಾರುಗಳ ಮೂಲಕ ಬಂದದ್ದು. ಹೆಂಚಾದರೋ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹುಟ್ಟಿದ ಉದ್ಯಮದ ಸರಕು. ಒಂದರ ಅಂಚು ಇನ್ನೊಂದರ ತೋಡಿಗೆ ಕೂತು ನೀರು ಒಳಗಿಳಿಯದಂತೆ ತಡೆಯುವ ಈ ಹೆಂಚು ಹಗುರವಾದ್ದರಿಂದ ಅದನ್ನು ಹೊರುವ ಮರದ ಕಟ್ಟೂ ಹಗುರವಾಗಿದ್ದರೆ ಸಾಕಾಗುತ್ತಿತ್ತು. ಊರ ಕಲ್ಲೂ ಕಡಲತೀರದ ಹೆಂಚೂ ಒಂದೇ ಸೂರಿನಡಿ ಬಂದು ಸೇರುವುದಕ್ಕೆ ರೈಲ್ವೆಯ ಕಟ್ಟೋಣದ ವಿಧಾನವೇ ಕಾರಣವಾದ್ದರಿಂದ, ಅಲಂಕಾರವಿಲ್ಲದ ಈ ಕಟ್ಟಡಗಳನ್ನು ವಾಸ್ತುವಿನ ದೃಷ್ಟಿಯಿಂದ ಕಡೆಗಣಿಸುವುದು ಸರಿಯಲ್ಲ.

ನಿಲ್ದಾಣವನ್ನು ಕಟ್ಟಡವೆಂದಷ್ಟೇ ನೋಡುವುದು ಅದಕ್ಕಿಂತಲೂ ದೊಡ್ಡ ತಪ್ಪು. ಏಕಹಳಿಯ ಹಾದಿಯಲ್ಲಿ ಎದುರುಬದುರು ಬರುವ ಎರಡು ಗಾಡಿಗಳು ಒಂದನ್ನೊಂದು ದಾಟುವುದು ನಿಲ್ದಾಣದಲ್ಲಿ ಮಾತ್ರ ಸಾಧ್ಯ. ಇದಕ್ಕಾಗಿ ಮುಖ್ಯ ಹಳಿಯ ಪಕ್ಕದಲ್ಲಿ ಕವಲು ಹಳಿ ಬೇಕು, ಗಾಡಿಯನ್ನು ಅದಕ್ಕೆ ತಿರುಗಿಸುವ ಪಾಯಿಂಟ್ಸ್ ಬೇಕು, ದೂರದಿಂದಲೇ ಚಾಲಕನಿಗೆ ಸೂಚನೆ ಕೊಡುವ ಕೈಮರ ಬೇಕು. ಮುಂದಿನ ನಿಲ್ದಾಣದವರೆಗೆ ಹಳಿ ತೆರವಾಗಿದೆ ಎಂಬುದಕ್ಕೆ ಖಾತರಿಯಾಗಿ ಸ್ಟೇಷನ್ ಮಾಸ್ಟರ್ ಚಾಲಕನಿಗೆ ಲೋಹದ ಟೋಕನ್ ಕೊಡುವ ಪದ್ಧತಿ ದೇಶದ ಎಷ್ಟೋ ಏಕಹಳಿ ಮಾರ್ಗಗಳಲ್ಲಿತ್ತು. ಒಂದು ಟೋಕನ್ ಹೊರಗಿರುವಾಗ ಎರಡೂ ನಿಲ್ದಾಣಗಳ ಯಂತ್ರಗಳು ಇನ್ನೊಂದನ್ನು ಬಿಟ್ಟುಕೊಡದಂತೆ ವಿದ್ಯುತ್ ತಂತಿಯಿಂದ ಪರಸ್ಪರ ಬಂಧಿತವಾಗಿದ್ದವು. ಸ್ಟೇಷನ್ ಮಾಸ್ಟರರ ಕೋಣೆ ಸಾಮಾನ್ಯವಾಗಿ ಪ್ಲಾಟ್‌ಫಾರಂ ಕಡೆಗೇ ಬಾಗಿಲು ತೆರೆದಿರುವುದು, ಟಿಕೆಟ್ ಕಿಟಕಿ ಪಡಸಾಲೆಯತ್ತ ಮುಖ ಮಾಡಿರುವುದು, ಗೂಡ್ಸ್ ಶೆಡ್ಡಿನ ಜಗಲಿ ಎತ್ತಿನಗಾಡಿಗೆ ಒಂದು ಬದಿಯಲ್ಲೂ ವ್ಯಾಗನ್ನಿಗೆ ಇನ್ನೊಂದು ಬದಿಯಲ್ಲೂ ತಕ್ಕ ಎತ್ತರದಲ್ಲಿರುವುದು, ಉಗಿ ಎಂಜಿನ್ನಿಗೆ ನೀರುಣಿಸುವ ತೊಟ್ಟಿ, ಗ್ಯಾಂಗ್‌ಮನ್ನರ ವಸತಿ, ಗಾಡಿಯ ವೇಳೆಯನ್ನು ಸಾರಲು ಗಂಟೆಯಾಗಿ ತೂಗುಹಾಕಿದ ಹಳಿಯ ತುಂಡು, ಪ್ಲಾಟ್‌ಫಾರಂ ಅಂಚಿನ ನೆರಳಿನ ಮರಗಳು, ಇವೆಲ್ಲವೂ ಒಂದೇ ಕೆಲಸದ ಸುತ್ತ ಹೆಣೆದುಕೊಂಡ ವ್ಯವಸ್ಥೆ. ಇವುಗಳಲ್ಲಿ ಒಂದನ್ನು ತೆಗೆದರೂ ಉಳಿದವು ಅಲ್ಲಿ ಏಕಿವೆ ಎಂಬುದು ನೋಡುವವನಿಗೆ ಅರ್ಥವಾಗುವುದಿಲ್ಲ. ಸಂರಕ್ಷಣೆಯ ಹೆಸರಿನಲ್ಲಿ ಕಟ್ಟಡದ ಮುಂಭಾಗವನ್ನು ಅಂದಗೊಳಿಸಿ, ಅದರ ಹಿಂದಿನ ಶೆಡ್ಡನ್ನು ಕೆಡವಿ ವಾಹನ ನಿಲುಗಡೆಗೆ ಜಾಗ ಮಾಡುವುದು ಈ ಕಾರಣಕ್ಕೆ ನಿಜವಾದ ನಷ್ಟ.

ಪರಂಪರೆಯ ಮೌಲ್ಯವನ್ನು ಹೀಗೆ ಇಡಿಯಾಗಿ ನೋಡುವ ಪದ್ಧತಿಗೆ ಆಸ್ಟ್ರೇಲಿಯಾದ ಪರಿಣತರು 1979ರಲ್ಲಿ ಒಪ್ಪಿಕೊಂಡ ಬುರ್ರಾ ಸನ್ನದು ಬಹಳ ನೆರವಾಯಿತು. ಚಾರಿತ್ರಿಕ, ಸೌಂದರ್ಯಾತ್ಮಕ, ವೈಜ್ಞಾನಿಕ ಹಾಗೂ ಸಾಮಾಜಿಕ ಮಹತ್ವಗಳನ್ನು ಬೇರೆ ಬೇರೆಯಾಗಿ ಗುರುತಿಸಿದ ನಂತರವೇ ದುರಸ್ತಿಯ ಮಾತಾಡಬೇಕು, ಮಾಡುವ ಬದಲಾವಣೆಯೂ ಅಗತ್ಯದ ಮಿತಿಯನ್ನು ದಾಟಬಾರದು ಎಂಬುದು ಅದರ ತಿರುಳು. ಅಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1977ರ ಪರಂಪರಾ ಕಾಯ್ದೆಯಂತೆ ರೈಲ್ವೆಯೂ ಸೇರಿ ಪ್ರತಿಯೊಂದು ಸರ್ಕಾರಿ ಸಂಸ್ಥೆ ತನ್ನ ಸ್ವಾಧೀನದಲ್ಲಿರುವ ಪಾರಂಪರಿಕ ಆಸ್ತಿಗಳ ಪಟ್ಟಿಯನ್ನು ತಾನೇ ಇಡಬೇಕು. ಅತಿ ಮುಖ್ಯವಾದವು ರಾಜ್ಯ ಪರಂಪರಾ ಪಟ್ಟಿಗೆ ಸೇರುತ್ತವೆ. ಗಡಿಯ ಆಲ್ಬರಿ ಊರಿನ 1880ರ ದಶಕದ ಆರಂಭದ ನಿಲ್ದಾಣ ಹೀಗೆ ಪಟ್ಟಿಗೆ ಸೇರಿದ್ದು. ನೆರೆಯ ವಿಕ್ಟೋರಿಯಾದ ಗೇಜ್ 1,600 ಮಿಲಿಮೀಟರ್, ನ್ಯೂ ಸೌತ್ ವೇಲ್ಸಿನದು 1,435. ಈ ವ್ಯತ್ಯಾಸದಿಂದ ಸಿಡ್ನಿ–ಮೆಲ್ಬರ್ನ್ ಪ್ರಯಾಣಿಕರು 1962ರವರೆಗೂ ಅಲ್ಲಿ ಗಾಡಿ ಬದಲಿಸಬೇಕಾಗಿತ್ತು. ಆ ನಿಲ್ದಾಣದ ಅತಿ ಉದ್ದದ ಪ್ಲಾಟ್‌ಫಾರಂ ಇಂದು ಅನಗತ್ಯವೆಂದು ಕಂಡರೂ ಈ ಇತಿಹಾಸದಿಂದಾಗಿ ಕಟ್ಟಡದಷ್ಟೇ ಬೆಲೆಯುಳ್ಳದ್ದಾಗಿದೆ.

ಭಾರತದಲ್ಲಿ ಕಾನೂನಿನ ಆಸರೆ ಇಷ್ಟು ನೇರವಾಗಿಲ್ಲ. ಪ್ರಾಚೀನ ಸ್ಮಾರಕಗಳಿಗೆ ಸಂಬಂಧಿಸಿದ 1958ರ ಕೇಂದ್ರ ಕಾಯ್ದೆ ನೂರು ವರ್ಷ ದಾಟಿದ ರಚನೆಗಳಿಗೆ ಅನ್ವಯಿಸಬಲ್ಲದಾದರೂ ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಪ್ರತ್ಯೇಕವಾಗಿ ಘೋಷಿಸಿದವು ಮಾತ್ರ ಅದರ ರಕ್ಷಣೆ ಪಡೆಯುತ್ತವೆ. ಹಾಗೆ ಘೋಷಿತವಾದ ಸ್ಮಾರಕದ ಸುತ್ತ ನೂರು ಮೀಟರಿನವರೆಗೆ ಹೊಸ ನಿರ್ಮಾಣ ನಿಷಿದ್ಧವಾದ್ದರಿಂದ, ದಿನವೂ ಗಾಡಿ ಓಡುವ, ಹಳಿ ಮತ್ತು ಸಿಗ್ನಲ್ ಬದಲಾಗುತ್ತಲೇ ಇರಬೇಕಾದ ನಿಲ್ದಾಣಕ್ಕೆ ಈ ಚೌಕಟ್ಟು ಹೊಂದುವುದೂ ಕಷ್ಟ. ಇನ್ನೊಂದೆಡೆ 1989ರ ರೈಲ್ವೆ ಕಾಯ್ದೆಯ 11ನೆಯ ಕಲಮು, ಇತರ ಕಾನೂನುಗಳು ಏನೇ ಹೇಳಿದರೂ, ರೈಲ್ವೆಯ ನಿರ್ಮಾಣ ಹಾಗೂ ನಿರ್ವಹಣೆಗೆ ಬೇಕಾದ ಕಾಮಗಾರಿ ನಡೆಸುವ ಅಧಿಕಾರವನ್ನು ರೈಲ್ವೆ ಆಡಳಿತಕ್ಕೆ ಕೊಟ್ಟಿದೆ. ರೈಲು ಸುರಕ್ಷಿತವಾಗಿ ಓಡಲು ಈ ಅಧಿಕಾರ ಅನಿವಾರ್ಯವೇ ಆದರೂ, ಪರಿಣಾಮದಲ್ಲಿ ಹಳೆಯ ನಿಲ್ದಾಣವೊಂದರ ಅಳಿವು ಉಳಿವು ಬಹುಮಟ್ಟಿಗೆ ಅದರ ಒಡೆಯನ ವಿವೇಕಕ್ಕೇ ಬಿಟ್ಟದ್ದಾಗುತ್ತದೆ. ರೈಲ್ವೆ ಮಂಡಳಿಯಲ್ಲಿ ಪರಂಪರೆಗೆಂದೇ ಒಂದು ವಿಭಾಗವಿದೆ, ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವೂ ಇದೆ. ಆದರೆ ಎಂಜಿನ್ನನ್ನು ಸಂಗ್ರಹಾಲಯಕ್ಕೆ ಒಯ್ಯಬಹುದು, ನಿಲ್ದಾಣವನ್ನು ಅದರ ನೆಲದಿಂದ ಕಿತ್ತು ಒಯ್ಯಲಾಗದು.

ನಂದಿ ಹಾದಿಯಲ್ಲಿ ಆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೈಸೂರು ಸಂಸ್ಥಾನದ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಮುಂದೆ ನ್ಯಾರೋ ಗೇಜ್ ಹಳಿ ಎದ್ದುಹೋಗಿ ಹಂತ ಹಂತವಾಗಿ ಬ್ರಾಡ್ ಗೇಜ್ ಬಂದಿತು, ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗ 2013ರಲ್ಲಿ ತೆರೆಯಿತು. ಈ ಪರಿವರ್ತನೆಯ ನಡುವೆ ಹಳೆಯ ಕಟ್ಟಡಗಳು ದೀರ್ಘಕಾಲ ಬಳಕೆಯಿಲ್ಲದೆ ಪಾಳುಬಿದ್ದವು. ದೇಶದ ಪರಂಪರೆಯ ರಕ್ಷಣೆಗಾಗಿ 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕವು ನೈಋತ್ಯ ರೈಲ್ವೆಯ ಸಹಕಾರದಿಂದ ಈ ನಾಲ್ಕು ನಿಲ್ದಾಣಗಳ ಜೀರ್ಣೋದ್ಧಾರವನ್ನು ಕೈಗೆತ್ತಿಕೊಂಡು ನಂದಿ ಹಾಲ್ಟಿನ ಕಟ್ಟಡವನ್ನು ಮೊದಲಿನ ಕಳೆಗೆ ತಂದದ್ದು ನಾಡಿನ ರೈಲ್ವೆ ಇತಿಹಾಸದಲ್ಲಿ ಹೆಮ್ಮೆಪಡಬೇಕಾದ ಕೆಲಸ.

ಇಂಥ ಕೆಲಸದಲ್ಲಿ ಸುಣ್ಣದ ಪಾತ್ರ ಬಲು ದೊಡ್ಡದು. ಹಳೆಯ ಗೋಡೆಗಳ ಗಾರೆ ಸುಣ್ಣ ಮತ್ತು ಮರಳಿನದು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ಕೊಳೆಹಾಕಿ, ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಸೇರಿಸಿ ಅರೆಯುವ ಕ್ರಮ ದಕ್ಷಿಣ ಭಾರತದಲ್ಲಿ ಬಹಳ ಹಿಂದಿನಿಂದಲೂ ಬಳಕೆಯಲ್ಲಿದೆ. ಸುಣ್ಣದ ಗಾರೆ ಸೂಕ್ಷ್ಮ ರಂಧ್ರಗಳಿಂದ ಕೂಡಿರುವುದರಿಂದ ಗೋಡೆಯೊಳಗೆ ಸೇರಿದ ತೇವವನ್ನು ಹೊರಬಿಡುತ್ತದೆ, ಕಟ್ಟಡ ಸ್ವಲ್ಪ ಅಲುಗಿದರೂ ಹೊಂದಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು, ಲವಣಗಳು ಹರಳುಗಟ್ಟಿ, ಸಂದಿಗಳ ಗಾರೆ ಪುಡಿಯಾಗಿ ಉದುರುತ್ತದೆ. ಕಲ್ಲಿಗೆ ಬಳಿದ ಎಣ್ಣೆಬಣ್ಣದಿಂದಲೂ ಇದೇ ತೊಂದರೆ. ಪ್ರತಿ ವರ್ಷ ತಪಾಸಣೆಯ ಮುನ್ನ ಹೊಸ ಬಣ್ಣ ಬಳಿಯುವ ಇಲಾಖೆಯ ರೂಢಿ ಸದುದ್ದೇಶದ್ದೇ ಇರಬಹುದು, ಆದರೆ ಹಳೆಯ ಕಲ್ಲುಗೋಡೆಗೆ ಅದರಷ್ಟು ಕೇಡು ಬೇರೊಂದಿಲ್ಲ. ಆದ್ದರಿಂದ ಜೀರ್ಣೋದ್ಧಾರ ಮುಗಿದ ಮೇಲೆ ನಿರ್ವಹಣೆಯ ಸಿಬ್ಬಂದಿಗೆ ಯಾವುದನ್ನು ಬಳಸಬೇಕು, ಯಾವುದನ್ನು ಬಳಸಬಾರದು ಎಂಬ ಸರಳ ಕೈಪಿಡಿಯನ್ನು ಕನ್ನಡದಲ್ಲೇ ಕೊಡುವುದು ಕಟ್ಟಡದ ಆಯುಷ್ಯವನ್ನು ದಶಕಗಳಷ್ಟು ಹೆಚ್ಚಿಸಬಲ್ಲ ಅಗ್ಗದ ಕ್ರಮ.

ಬಳಕೆಯ ಪ್ರಶ್ನೆ ಇನ್ನೂ ಜಟಿಲವಾದದ್ದು. ಹಾಲ್ಟ್ ಎಂದರೆ ಪೂರ್ಣ ಸಿಬ್ಬಂದಿಯಿಲ್ಲದೆ ಪ್ರಯಾಣಿಕರು ಹತ್ತಿ ಇಳಿಯಲು ಮಾತ್ರ ಗಾಡಿ ನಿಲ್ಲುವ ಜಾಗ. ಅಲ್ಲಿ ಸ್ಟೇಷನ್ ಮಾಸ್ಟರರ ಕೋಣೆಗೆ ಕೆಲಸವೇ ಉಳಿದಿರುವುದಿಲ್ಲ. ಖಾಲಿ ಕೋಣೆಯನ್ನು ವಾಚನಾಲಯಕ್ಕೋ ಸ್ಥಳೀಯ ಇತಿಹಾಸದ ಪ್ರದರ್ಶನಕ್ಕೋ ರೈತರ ಮಾರಾಟದ ಮಳಿಗೆಗೋ ಕೊಡುವುದನ್ನು ಹೊಂದಾಣಿಕೆಯ ಮರುಬಳಕೆ ಎನ್ನುತ್ತಾರೆ, ಎಂದರೆ ಮೂಲ ರಚನೆ ಕೆಡದಂತೆ ಹೊಸ ಕೆಲಸಕ್ಕೆ ಹೊಂದಿಸುವುದು. ಹಾಗೆ ಮಾಡುವಾಗಲೂ ಗಾಡಿ ನಿಲ್ಲುವುದನ್ನು ಬಿಟ್ಟುಕೊಡಬಾರದು. ರೈಲು ನಿಲ್ಲದ ನಿಲ್ದಾಣಕ್ಕೆ ವಾರಾಂತ್ಯದಲ್ಲಿ ನಂದಿಬೆಟ್ಟಕ್ಕೆ ಹೋಗುವ ನಗರದವರು ಬಂದಾರು, ಆದರೆ ಸುತ್ತಲ ಹಳ್ಳಿಗಳ ವಿದ್ಯಾರ್ಥಿಗಳು, ಕೂಲಿಕಾರರು, ತರಕಾರಿ ಒಯ್ಯುವವರು ದೂರವಾದಾಗ ಅದರ ಸಾಮಾಜಿಕ ಮಹತ್ವವೂ ಅವರೊಂದಿಗೆ ಹೊರಟುಹೋಗುತ್ತದೆ.

ವಿಮಾನ ನಿಲ್ದಾಣದಿಂದಾಗಿ ದೇವನಹಳ್ಳಿಯ ಸುತ್ತಣ ನೆಲದ ಚಹರೆಯೇ ಬದಲಾಗಿದೆ. ಬೆಂಗಳೂರು ಉಪನಗರ ರೈಲಿನ ‘ಸಂಪಿಗೆ’ ಮಾರ್ಗ ದೇವನಹಳ್ಳಿಯವರೆಗೆ ಬರುವ ಯೋಜನೆಯಿದೆ. ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಅಮೃತ್ ಭಾರತ್ ಯೋಜನೆಯಡಿ ಮರುರೂಪಿಸಲು ರೈಲ್ವೆ ಮುಂದಾಗಿದೆ. ಹಳಿ ಹೆಚ್ಚಬೇಕಾದದ್ದೇ, ಪ್ಲಾಟ್‌ಫಾರಂ ಉದ್ದವಾಗಬೇಕಾದದ್ದೇ. ಈ ಕಾಮಗಾರಿಗಳ ನಕ್ಷೆ ಅಂತಿಮವಾಗುವ ಮುನ್ನವೇ ಪ್ರತಿಯೊಂದು ಹಳೆಯ ನಿಲ್ದಾಣದ ಅಳತೆಯ ನಕ್ಷೆ, ಛಾಯಾಚಿತ್ರ, ಉಳಿದಿರುವ ಉಪಕರಣಗಳ ವಿವರ, ಶೆಡ್ಡು, ವಸತಿ, ಬಾವಿ, ಮರಗಳ ಗುರುತು ಹಾಗೂ ಅಲ್ಲಿ ದುಡಿದವರ ಹೇಳಿಕೆಗಳನ್ನು ಒಳಗೊಂಡ ಪಟ್ಟಿಯೊಂದನ್ನು ನೈಋತ್ಯ ರೈಲ್ವೆಯ ಪ್ರತಿಯೊಂದು ವಿಭಾಗವೂ ಸಿದ್ಧಪಡಿಸಿ ತನ್ನ ಎಂಜಿನಿಯರರ ಮೇಜಿನ ಮೇಲೆ ಇಟ್ಟಿರಬೇಕು. ಹೊಸ ಹಳಿಯನ್ನು ಕಟ್ಟಡದ ಯಾವ ಬದಿಗೆ ಹಾಕುವುದು ಎಂಬ ತೀರ್ಮಾನ ಕಾಗದದ ಮೇಲಿರುವಾಗ ಕೆಲವು ಮೀಟರ್ ಆಚೀಚೆ ಸರಿಯಬಲ್ಲದು, ಮಣ್ಣು ಅಗೆಯಲು ತೊಡಗಿದ ಮೇಲೆ ಸರಿಯುವುದಿಲ್ಲ.