ಕಲ್ಲಿನ ಕಿಡಿ, ಸುರುಳಿ ನಳಿಗೆ: ಪೆನ್ಸಿಲ್ವೇನಿಯಾದ ನೀಳ ಕೋವಿ ಹುಟ್ಟುವ ಬಗೆ

ಇಂಗ್ಲಿಷ್ ಬಲ್ಲವರು ‘ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್’ ಎಂಬ ನುಡಿಗಟ್ಟನ್ನು ಸರಾಗವಾಗಿ ಬಳಸುತ್ತಾರೆ. ಒಂದನ್ನೂ ಬಿಡದೆ, ಸಮಸ್ತವನ್ನೂ ಎಂಬುದು ಅದರ ಭಾವ. ಆದರೆ ಈ ಮೂರು ಪದಗಳು ಹಳೆಯ ಕೋವಿಯ ಮೂರು ಅಂಗಗಳ ಹೆಸರುಗಳು ಎಂಬುದು ಬಳಸುವವರಲ್ಲಿ ಅನೇಕರ ನೆನಪಿನಲ್ಲಿಲ್ಲ. ಬ್ಯಾರೆಲ್ ಎಂದರೆ ಗುಂಡು ಹಾಯುವ ನಳಿಗೆ. ಲಾಕ್ ಎಂದರೆ ಕಿಡಿ ಹೊತ್ತಿಸುವ ಯಂತ್ರ. ಸ್ಟಾಕ್ ಎಂದರೆ ಇವೆರಡನ್ನೂ ಹಿಡಿದಿಟ್ಟು ಹೆಗಲಿಗೆ ಆನಿಸಲು ಅನುವು ಮಾಡುವ ಮರದ ಒಡಲು. ಮೊದಲನೆಯದು ಕಮ್ಮಾರನ ಕೆಲಸ, ಎರಡನೆಯದು ಬೀಗ ಮಾಡುವವನ ಸೂಕ್ಷ್ಮ ಕೆಲಸ, ಮೂರನೆಯದು ಬಡಗಿಯದು. ಹದಿನೆಂಟನೆಯ ಶತಮಾನದ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತ್ಯದಲ್ಲಿ ಈ ಮೂರೂ ವಿದ್ಯೆಗಳು ಒಂದೇ ಚಾವಣಿಯ ಕೆಳಗೆ, ಎಷ್ಟೋ ವೇಳೆ ಒಬ್ಬನೇ ಕುಶಲಕರ್ಮಿಯ ಕೈಯಲ್ಲಿ ಸೇರಿಕೊಂಡವು. ಅದರ ಫಲವೇ ಇಂದು ‘ಲಾಂಗ್ ರೈಫಲ್’ ಎಂದು ಪ್ರಸಿದ್ಧವಾಗಿರುವ ನೀಳವಾದ ಚಕಮಕಿ ಕೋವಿ.

ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಈ ವಿದ್ಯೆ ಬಹುಮಟ್ಟಿಗೆ ಕಣ್ಮರೆಯಾಗಿತ್ತು. ಕೋವಿಗಳೇನೋ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿದ್ದವು. ಅವನ್ನು ಮಾಡುವ ಕೈಗಳು ಉಳಿದಿರಲಿಲ್ಲ. ಗುರುವಿನ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ಕಲಿಯುತ್ತಿದ್ದ ವಿದ್ಯೆಯಾದ್ದರಿಂದ ಯಾರೂ ಅದನ್ನು ಕ್ರಮವಾಗಿ ಬರೆದಿಟ್ಟಿರಲಿಲ್ಲ.

ಜರ್ಮನಿಯಿಂದ ಬಂದ ಬೀಜ

ಈ ಕೋವಿಯ ಮೂಲ ಮಧ್ಯ ಯುರೋಪಿನಲ್ಲಿದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಜರ್ಮನ್ ಮತ್ತು ಸ್ವಿಸ್ ಕುಶಲಕರ್ಮಿಗಳು ತಮ್ಮೊಂದಿಗೆ ‘ಯೇಗರ್’ ಎಂಬ ಬೇಟೆಯ ಕೋವಿಯ ಮಾದರಿಯನ್ನು ತಂದರು. ಅದು ಗಿಡ್ಡ, ಅದರ ನಳಿಗೆಯ ಬಾಯಿ ಅಗಲ, ತೂಕವೂ ಹೆಚ್ಚು. ಜಮೀನುದಾರರ ಬೇಟೆಯ ಕಾಡುಗಳಿಗೆ ಒಗ್ಗಿದ್ದ ಆ ಕೋವಿ, ತಿಂಗಳುಗಟ್ಟಲೆ ಅಂಗಡಿಯ ಮುಖ ಕಾಣದ ಅಮೆರಿಕದ ಬೇಟೆಗಾರನಿಗೆ ದುಬಾರಿಯಾಯಿತು. ಕಾರಣ ಸರಳ ಲೆಕ್ಕದ್ದು. 0.6 ಇಂಚು ವ್ಯಾಸದ ಸೀಸದ ಗುಂಡುಗಳನ್ನು ಎರಕ ಹೊಯ್ದರೆ ಒಂದು ಪೌಂಡ್ ಸೀಸಕ್ಕೆ ಸುಮಾರು 21 ಬರುತ್ತವೆ. ವ್ಯಾಸವನ್ನು ಅರ್ಧ ಇಂಚಿಗೆ ಇಳಿಸಿದರೆ ಅದೇ ಸೀಸಕ್ಕೆ ಸುಮಾರು 37. ಬೆನ್ನ ಮೇಲೆ ಹೊರೆ ಹೊತ್ತು ನಡೆಯುವವನಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಹೀಗಾಗಿ ನಳಿಗೆಯ ಬಾಯಿ ಕಿರಿದಾಯಿತು. ಉದ್ದ 40 ಇಂಚು ದಾಟಿತು. ಉದ್ದ ಹೆಚ್ಚಿದಂತೆ ಗುರಿ ಹಿಡಿಯುವ ಎರಡು ಗುರುತುಗಳ ನಡುವಿನ ಅಂತರವೂ ಹೆಚ್ಚಿ, ಗುರಿ ಇನ್ನಷ್ಟು ನಿಖರವಾಯಿತು. ಲ್ಯಾಂಕಾಸ್ಟರ್ ಪಟ್ಟಣ ಈ ಕಸುಬಿನ ಕೇಂದ್ರವಾಗಿ ಬೆಳೆಯಿತು. ಜರ್ಮನಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ವಲಸೆ ಬಂದ ಜೇಕಬ್ ಡಿಕರ್ಟ್ ಅಲ್ಲಿನ ಕೋವಿಗಾರರಲ್ಲಿ ಹೆಸರಾದವನು. ಮುಂದೆ ಈ ಕೋವಿಗೆ ‘ಕೆಂಟುಕಿ ರೈಫಲ್’ ಎಂಬ ಹೆಸರು ಅಂಟಿಕೊಂಡದ್ದು ಒಂದು ವಿಪರ್ಯಾಸ. ಮಾಡಿದವರು ಪೆನ್ಸಿಲ್ವೇನಿಯಾದವರು, ಕೀರ್ತಿ ಅದನ್ನು ಹೊತ್ತು ಪಶ್ಚಿಮಕ್ಕೆ ಹೋದವರ ನಾಡಿಗೆ.

ನಳಿಗೆಯ ಅಗ್ನಿಪರೀಕ್ಷೆ

ಕೋವಿಯ ಕೆಲಸದಲ್ಲಿ ಅತಿ ಕಠಿಣವಾದುದು ನಳಿಗೆ. ಉದ್ದನೆಯ ಕಬ್ಬಿಣದ ಸಲಾಕೆಗೆ ತೂತು ಕೊರೆದು ನಳಿಗೆ ಮಾಡುತ್ತಿದ್ದರೆಂದು ಭಾವಿಸುವುದು ಸಹಜ. ಆ ಕಾಲದಲ್ಲಿ ನಡೆಯುತ್ತಿದ್ದುದು ಬೇರೆಯೇ. ಮೆದು ಕಬ್ಬಿಣದ ದಪ್ಪ ಪಟ್ಟಿಯೊಂದನ್ನು ಕುಲುಮೆಯಲ್ಲಿ ಕಾಯಿಸಿ, ಅದರ ಎರಡು ಅಂಚುಗಳು ಒಂದಕ್ಕೊಂದು ಕೂಡುವಂತೆ ಕೊಳವೆಯಾಗಿ ಬಗ್ಗಿಸುತ್ತಿದ್ದರು. ಬಳಿಕ ಆ ಅಂಚುಗಳನ್ನು ಬೆಸೆಯಬೇಕು. ಇಲ್ಲಿ ಬೆಸುಗೆಗೆ ಬೇರೆ ಲೋಹದ ನೆರವಿಲ್ಲ. ಕಬ್ಬಿಣ ಬೆಳ್ಳಗೆ ಕಾದು, ಮೇಲ್ಮೈ ಕರಗುವ ಹಂತ ಮುಟ್ಟಿದಾಗ ಸುತ್ತಿಗೆಯ ಪೆಟ್ಟಿನಿಂದಲೇ ಒಂದು ಅಂಚು ಮತ್ತೊಂದರಲ್ಲಿ ಐಕ್ಯವಾಗಬೇಕು.

ಒಮ್ಮೆಗೆ ಕೆಲವೇ ಇಂಚುಗಳಷ್ಟು ಕೆಲಸ ಸಾಗುತ್ತದೆ. ಕೊಳವೆ ಅಪ್ಪಚ್ಚಿಯಾಗದಂತೆ ಒಳಗೆ ಉಕ್ಕಿನ ಸರಳೊಂದನ್ನು ತೂರಿಸಿ, ಹತ್ತಾರು ಪೆಟ್ಟು ಹಾಕಿ, ಕಬ್ಬಿಣ ಆರಿ ಸರಳನ್ನು ಕಚ್ಚಿಕೊಳ್ಳುವ ಮೊದಲೇ ಅದನ್ನು ಹೊರಗೆಳೆಯಬೇಕು. ಇದಕ್ಕೆ ಸಿಗುವುದು ಕೆಲವು ಕ್ಷಣಗಳು ಮಾತ್ರ. ಕಾವು ಕಡಿಮೆಯಾದರೆ ಬೆಸುಗೆ ಕೂಡುವುದಿಲ್ಲ, ಹೆಚ್ಚಾದರೆ ಕಬ್ಬಿಣವೇ ಉರಿದುಹೋಗುತ್ತದೆ. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ಹದವನ್ನು ಹೇಳುತ್ತಿದ್ದುದು ಬೆಂಕಿಯ ಬಣ್ಣ ಮಾತ್ರ. ಬೆಸುಗೆಯ ನಡುವೆ ಬೂದಿಯ ಕಣವೊಂದು ಸಿಕ್ಕಿಕೊಂಡರೂ ಅದು ಹೊರಗಿನಿಂದ ಕಾಣದು. ಅದು ಗೊತ್ತಾಗುವುದು ಮದ್ದು ಸಿಡಿದಾಗ. ಆಗ ನಳಿಗೆ ಇರುವುದು ಹಾರಿಸುವವನ ಮುಖದ ಪಕ್ಕದಲ್ಲಿ. ಆದ್ದರಿಂದಲೇ ಸಿದ್ಧವಾದ ನಳಿಗೆಗೆ ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ, ದೂರದಿಂದ ಹೊತ್ತಿಸಿ ಪರೀಕ್ಷಿಸುವ ಪದ್ಧತಿ ಬಂದಿತು.

ಬೆಸೆದ ಕೊಳವೆಯ ಒಳಭಾಗವನ್ನು ಉದ್ದನೆಯ ಬೈರಿಗೆಗಳಿಂದ ಹಂತಹಂತವಾಗಿ ಕೊರೆದು ನುಣುಪುಗೊಳಿಸುತ್ತಾರೆ. ನೇರವಿದೆಯೇ ಎಂದು ನೋಡಲು ಅದರೊಳಗೆ ಸಣ್ಣ ದಾರವನ್ನು ಬಿಗಿಯಾಗಿ ಎಳೆದು ಹಿಡಿಯುವುದು ಒಂದು ಉಪಾಯ. ದಾರ ಎಲ್ಲಿ ಗೋಡೆಯಿಂದ ದೂರ ಸರಿಯುತ್ತದೆಯೋ ಅಲ್ಲಿ ನಳಿಗೆ ಬಾಗಿದೆ ಎಂದರ್ಥ. ಅದಕ್ಕೆ ಮದ್ದು ಸುತ್ತಿಗೆಯ ಹದವಾದ ಒಂದು ಪೆಟ್ಟು. ಹೊರಮೈಯನ್ನು ಎಂಟು ಮುಖಗಳಾಗಿ ಅರದಿಂದ ಉಜ್ಜುವುದು ಶ್ರಮದ ಕೆಲಸ ನಿಜ, ಆದರೆ ಅದರಲ್ಲಿ ಗುಟ್ಟೇನೂ ಇಲ್ಲ.

ಗುಟ್ಟಿರುವುದು ಸುರುಳಿ ಗಾಡಿಗಳಲ್ಲಿ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುತ್ತ ಹೊರಡುವ ಗುಂಡು ದಾರಿ ತಪ್ಪದೆ ಸಾಗುತ್ತದೆ. ನಳಿಗೆಯ ಒಳಗೋಡೆಯಲ್ಲಿ ಏಳು ಅಥವಾ ಎಂಟು ಗಾಡಿಗಳನ್ನು, ಸುಮಾರು 48 ಇಂಚಿಗೆ ಒಂದು ಸುತ್ತು ಬರುವಂತೆ ಕೊರೆದರೆ ಈ ಗುಣ ಬರುತ್ತದೆ. ಇದಕ್ಕೆ ಬಳಸುವ ಸಾಧನ ಬಹುತೇಕ ಮರದ್ದೇ. ಮೈಮೇಲೆ ಸುರುಳಿ ಕೆತ್ತಿದ ಮರದ ದಿಮ್ಮಿಯನ್ನು ಹಲ್ಲುಗಳಿರುವ ಚೌಕಟ್ಟಿನ ಮೂಲಕ ಎಳೆದಾಗ ಅದು ತಾನಾಗಿ ತಿರುಗುತ್ತದೆ. ಅದಕ್ಕೆ ಕಟ್ಟಿದ ಉದ್ದ ಕೋಲಿನ ತುದಿಯಲ್ಲಿ ಗರಗಸದಂತಹ ಪುಟ್ಟ ಅಲಗು. ಪ್ರತಿ ಎಳೆತಕ್ಕೆ ಕೂದಲೆಳೆಗಿಂತ ತೆಳ್ಳಗಿನ ಕಬ್ಬಿಣ ಕಿತ್ತು ಬರುತ್ತದೆ. ಗಾಡಿ ಆಳವಾದಂತೆ ಅಲಗನ್ನು ಮೇಲೆತ್ತಲು ಅದರ ಅಡಿಗೆ ಕಾಗದದ ಚೂರೊಂದನ್ನು ಇಡುತ್ತಾರೆ. ಯಂತ್ರಯುಗಕ್ಕೆ ಮೊದಲಿನ ಈ ನಿಖರತೆ ಕಾಗದದ ದಪ್ಪದ ಮೇಲೆ ನಿಂತಿತ್ತು ಎಂಬುದು ಸೋಜಿಗವೇ ಸರಿ.

ಕಿಡಿ ಕಲ್ಲಿನದಲ್ಲ

ಲಾಕ್‌ನ ಕೆಲಸವನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಚಕಮಕಿ ಕಲ್ಲನ್ನು ತೊಗಲಿನ ತುಂಡಿನಲ್ಲಿ ಸುತ್ತಿ ಕಚ್ಚಿ ಹಿಡಿದಿರುವ ‘ಕುದುರೆ’ಯನ್ನು ಹಿಂದಕ್ಕೆ ಎಳೆದು ನಿಲ್ಲಿಸಲಾಗುತ್ತದೆ. ಟ್ರಿಗರ್ ಒತ್ತಿದೊಡನೆ ಒಳಗಿನ ಬಲವಾದ ಸ್ಪ್ರಿಂಗ್ ಅದನ್ನು ಮುಂದಕ್ಕೆ ಎಸೆಯುತ್ತದೆ. ಕಲ್ಲು ಎದುರಿಗಿರುವ ಉಕ್ಕಿನ ಫಲಕವನ್ನು ಉಜ್ಜುತ್ತ ಇಳಿಯುತ್ತದೆ. ಫಲಕ ಹಿಂದೆ ಮಗುಚಿ, ಅದರ ಅಡಿಯಲ್ಲಿದ್ದ ಪುಟ್ಟ ಬಟ್ಟಲು ತೆರೆದುಕೊಳ್ಳುತ್ತದೆ. ಬಟ್ಟಲಿನಲ್ಲಿರುವ ರಂಜಕದ ಮದ್ದಿಗೆ ಕಿಡಿ ಬಿದ್ದು, ಆ ಜ್ವಾಲೆ ಪಕ್ಕದ ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದಿಗೆ ತಗಲುತ್ತದೆ. ಬಟ್ಟಲಿನ ಮದ್ದು ಮಾತ್ರ ಉರಿದು ಕೋವಿ ಹಾರದಿದ್ದರೆ ಅದೇ ‘ಫ್ಲ್ಯಾಶ್ ಇನ್ ದಿ ಪ್ಯಾನ್’. ಅದೂ ಇಂಗ್ಲಿಷಿನ ನುಡಿಗಟ್ಟಾಗಿ ಉಳಿದಿದೆ.

ಕಲ್ಲಿನಿಂದ ಕಿಡಿ ಹಾರುತ್ತದೆ ಎಂಬುದು ಜನಜನಿತ ನಂಬಿಕೆ. ವಾಸ್ತವವಾಗಿ ಉರಿಯುವುದು ಉಕ್ಕು. ಕಲ್ಲಿನ ಹರಿತ ಅಂಚು ಫಲಕದಿಂದ ಅತಿ ಸಣ್ಣ ಚೂರುಗಳನ್ನು ಕೆರೆದು ತೆಗೆಯುತ್ತದೆ. ಘರ್ಷಣೆಯಿಂದ ಕಾದ ಆ ಚೂರುಗಳು ಗಾಳಿಯಲ್ಲಿ ಹೊತ್ತಿಕೊಳ್ಳುತ್ತವೆ. ಆದ್ದರಿಂದ ಫಲಕದ ಹದ ಮುಖ್ಯ. ಮೆದುವಾದರೆ ಕಲ್ಲು ಅದರಲ್ಲಿ ನಾಟಿಕೊಂಡು ಕಿಡಿಯೇ ಬಾರದು. ಸ್ಪ್ರಿಂಗ್‌ನದು ಇದಕ್ಕೆ ವಿರುದ್ಧವಾದ ಪೇಚಾಟ. ಕಾಯಿಸಿ ತಟ್ಟನೆ ತಣಿಸಿದರೆ ಅದು ಗಾಜಿನಂತೆ ಪೆಡಸಾಗಿ ಮುರಿಯುತ್ತದೆ. ಮತ್ತೆ ಹದವಾಗಿ ಕಾಯಿಸಿ ಅದರ ಬಿಗುವನ್ನು ಇಳಿಸಬೇಕು.

ಇಷ್ಟು ತೊಡಕಿನ ಲಾಕ್‌ಗಳನ್ನು ಅಮೆರಿಕದ ಕೋವಿಗಾರರು ಬಹುಪಾಲು ಇಂಗ್ಲೆಂಡ್ ಮತ್ತು ಜರ್ಮನಿಯಿಂದ ತರಿಸಿಕೊಳ್ಳುತ್ತಿದ್ದರು. ಇಂದು ಸಿದ್ಧ ಭಾಗಗಳನ್ನು ಕೊಂಡು ಕೋವಿ ಕಟ್ಟುವವರನ್ನು ಹೀಗಳೆಯುವ ಶುದ್ಧಾಚಾರಿಗಳು ಈ ಸಂಗತಿಯನ್ನು ಮರೆಯುವುದುಂಟು. ಮದ್ದಿನ ವಿಷಯದಲ್ಲಿ ಭಾರತದ ಪಾಲೂ ಇದೆ. ಮದ್ದಿನ ಮುಖ್ಯ ಘಟಕವಾದ ಪೆಟ್ಲುಪ್ಪು ಬಿಹಾರದ ಮಣ್ಣಿನಿಂದ ತಯಾರಾಗಿ, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಭಾರೀ ಪ್ರಮಾಣದಲ್ಲಿ ಬ್ರಿಟನ್ ಸೇರುತ್ತಿತ್ತು.

ಮರ, ಆಮ್ಲ, ಅಗಸೆ ಎಣ್ಣೆ

ಒಡಲಿಗೆ ಆಯುವುದು ಅಲೆಅಲೆಯಾದ ಎಳೆಗಳಿರುವ ಮೇಪಲ್ ಮರ. ಅದರ ಹಲಗೆ ವರ್ಷಗಟ್ಟಲೆ ನೆರಳಿನಲ್ಲಿ ಒಣಗಿರಬೇಕು. ನಳಿಗೆಯ ತಳಕ್ಕೆ ದೀಪದ ಕಾಡಿಗೆ ಸವರಿ ಮರದ ಮೇಲೆ ಒತ್ತುತ್ತಾರೆ. ಎಲ್ಲಿ ಕಪ್ಪು ಅಂಟಿತೋ ಅಲ್ಲಿ ಮಾತ್ರ ಉಳಿಯಿಂದ ಹೆರೆಯುತ್ತಾರೆ. ಮತ್ತೆ ಒತ್ತಿ, ಮತ್ತೆ ಹೆರೆದು, ಕಬ್ಬಿಣ ಮತ್ತು ಮರದ ನಡುವೆ ಕೂದಲು ತೂರದಂತೆ ಕೂಡಿಸುವ ತನಕ ಈ ಕೆಲಸ ಮುಂದುವರಿಯುತ್ತದೆ. ಲಾಕ್ ಕೂಡಿಸುವಾಗ ಬಟ್ಟಲು ನಳಿಗೆಯ ರಂಧ್ರಕ್ಕೆ ಸರಿಯಾಗಿ ಎದುರಾಗಬೇಕು. ಅದು ಸ್ವಲ್ಪ ಜರುಗಿದರೂ ಕೋವಿ ನಂಬಿಕೆಗೆ ಯೋಗ್ಯವಲ್ಲ.

ಅನುಭವಿಗಳೂ ಅಂಜುವುದು ಗಜದ ತೂತಿಗೆ. ಗುಂಡನ್ನು ಜಡಿಯುವ ಉದ್ದ ಕೋಲೇ ಗಜ. ಅದು ನಳಿಗೆಯ ಕೆಳಗೆ ಮರದೊಳಗೆ ಸೇರಿಕೊಂಡಿರಬೇಕು. ಇದಕ್ಕಾಗಿ ಒಂದು ಅಡಿಗೂ ಹೆಚ್ಚು ಆಳಕ್ಕೆ, ಕಣ್ಣಿಗೆ ಕಾಣದಂತೆ ಬೈರಿಗೆ ಇಳಿಸಬೇಕು. ಬೈರಿಗೆ ಮರದ ಎಳೆ ಹಿಡಿದು ಮೇಲಕ್ಕೆ ಸರಿದರೆ ನಳಿಗೆಯ ಹಾಸಿಗೆ ಕೆಡುತ್ತದೆ. ಕೆಳಕ್ಕೆ ಸರಿದರೆ ಮರದ ಹೊಟ್ಟೆ ಒಡೆದು ಹೊರಬರುತ್ತದೆ. ವಾರಗಳ ದುಡಿಮೆ ಸೌದೆಯಾಗಲು ಒಂದು ನಿಮಿಷ ಸಾಕು.

ಕೊನೆಯ ಸಿಂಗಾರ ರಸಾಯನದ ಆಟ. ಕಬ್ಬಿಣದ ಚೂರುಗಳನ್ನು ಕರಗಿಸಿದ ನೈಟ್ರಿಕ್ ಆಮ್ಲವನ್ನು ಬಿಳಿಯ ಮೇಪಲ್ ಮರಕ್ಕೆ ಸವರಿದರೆ ಅದು ಹಸಿರು ಬೆರೆತ ಕೆಟ್ಟ ಬಣ್ಣಕ್ಕೆ ತಿರುಗುತ್ತದೆ. ಮೊದಲ ಸಲ ನೋಡುವವರಿಗೆ ಎಲ್ಲ ಹಾಳಾಯಿತೆನಿಸುವುದು ಖಚಿತ. ಕಾದ ಕಬ್ಬಿಣವನ್ನು ಹತ್ತಿರ ಹಿಡಿದೊಡನೆ ಆ ಹಸಿರು ಮಾಯವಾಗಿ ಕೆಂಗಂದು ಬಣ್ಣ ಮೂಡುತ್ತದೆ. ಮರದೊಳಗಿನ ಅಲೆಗಳು ಹುಲಿಯ ಪಟ್ಟೆಗಳಂತೆ ಎದ್ದು ಕಾಣುತ್ತವೆ. ಅದರ ಮೇಲೆ ಕುದಿಸಿದ ಅಗಸೆ ಎಣ್ಣೆಯ ಲೇಪ. ಹಿಂಭಾಗದ ಬಲಮಗ್ಗುಲಲ್ಲಿ, ಗುಂಡಿಗೆ ಸುತ್ತುವ ಕೊಬ್ಬು ಸವರಿದ ಬಟ್ಟೆಯ ತುಂಡುಗಳನ್ನು ಇಡಲು ಹಿತ್ತಾಳೆ ಮುಚ್ಚಳದ ಪುಟ್ಟ ಪೆಟ್ಟಿಗೆ. ಈ ಮುಚ್ಚಳದ ಕೆತ್ತನೆಯ ಶೈಲಿಯಿಂದಲೇ ಕೋವಿ ಯಾವ ಪ್ರದೇಶದ್ದೆಂದು ತಜ್ಞರು ಹೇಳಬಲ್ಲರು.

ಏರು, ಇಳಿತ, ಮರುಹುಟ್ಟು

ಯುದ್ಧರಂಗದಲ್ಲಿ ಈ ಕೋವಿಯ ಪಾತ್ರವನ್ನು ದಂತಕಥೆಗಳು ಹಿಗ್ಗಿಸಿವೆ. ನಯವಾದ ನಳಿಗೆಯ ಮಸ್ಕೆಟ್ ನಿಮಿಷಕ್ಕೆ ಮೂರು ಗುಂಡು ಹಾರಿಸಬಲ್ಲದು. ಬಟ್ಟೆ ಸುತ್ತಿ ಗುಂಡು ಜಡಿಯುವ ರೈಫಲ್‌ಗೆ ಆ ವೇಗವಿಲ್ಲ. ತುದಿಗೆ ಬಯೊನೆಟ್ ಸಿಕ್ಕಿಸುವ ಏರ್ಪಾಟೂ ಇರಲಿಲ್ಲ. ಆದರೂ 200 ಗಜ ದೂರದ ಗುರಿಗೆ ಅದನ್ನು ಮೀರಿಸಿದ್ದಿಲ್ಲ. 1775ರ ಜೂನ್ 14ರಂದು ಅಮೆರಿಕದ ಕಾಂಗ್ರೆಸ್ ರೈಫಲ್‌ಧಾರಿಗಳ ಹತ್ತು ತುಕಡಿಗಳನ್ನು ಕಟ್ಟಲು ನಿರ್ಧರಿಸಿತು. 1780ರ ಅಕ್ಟೋಬರ್ 7ರ ಕಿಂಗ್ಸ್ ಮೌಂಟನ್ ಕಾಳಗದಲ್ಲಿ ಬ್ರಿಟಿಷ್ ಪರ ಪಡೆಯನ್ನು ಇಂಥ ಕೋವಿ ಹಿಡಿದ ಬೆಟ್ಟಸೀಮೆಯ ಜನ ಸುತ್ತುವರಿದು ಸೋಲಿಸಿದರು. ಅಲ್ಲಿ ಮಡಿದ ಬ್ರಿಟಿಷ್ ಸೇನಾನಿ ಪ್ಯಾಟ್ರಿಕ್ ಫರ್ಗ್ಯುಸನ್ ಸ್ವತಃ ಹೊಸ ಬಗೆಯ ರೈಫಲ್ ಒಂದನ್ನು ರೂಪಿಸಿದ್ದವನು.

ಇದೇ ಕಾಲಘಟ್ಟದಲ್ಲಿ ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲೂ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹುಲಿಯ ಲಾಂಛನ ಹೊತ್ತ ಅವುಗಳಲ್ಲಿ ಅನೇಕವು ಬ್ರಿಟನ್ನಿನ ಸಂಗ್ರಹಗಳನ್ನು ಸೇರಿದವು.

1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದರಿಂದ ಬೆಳೆದ ತಾಮ್ರದ ‘ಕೇಪು’ ಚಕಮಕಿಯ ಯುಗಕ್ಕೆ ತೆರೆ ಎಳೆಯಿತು. ಮಲೆನಾಡಿನ ರೈತರು ಬೆಳೆ ಕಾಯಲು ಇಟ್ಟುಕೊಂಡ ಕೇಪಿನ ಕೋವಿ ಈ ಎರಡನೆಯ ತಲೆಮಾರಿನದು. ಬಳಿಕ ಕಾರ್ಖಾನೆಯ ಕೋವಿಗಳು ಬಂದವು, ಕುಲುಮೆಗಳು ಆರಿದವು.

ಮರುಹುಟ್ಟಿನ ಮೊದಲ ಹೆಜ್ಜೆ 1933ರಲ್ಲಿ, ಬಾಯಿಯಿಂದ ಮದ್ದು ತುಂಬುವ ಕೋವಿಗಳ ಆಸಕ್ತರು ರಾಷ್ಟ್ರೀಯ ಸಂಘ ಕಟ್ಟಿಕೊಂಡಾಗ. ನಿರ್ಣಾಯಕ ಘಟ್ಟ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನದು. ಹದಿನೆಂಟನೆಯ ಶತಮಾನದ ಊರನ್ನು ಪುನರ್ನಿರ್ಮಿಸಿರುವ ಆ ಬಯಲು ವಸ್ತುಸಂಗ್ರಹಾಲಯದಲ್ಲಿ ವಾಲೇಸ್ ಗಸ್ಲರ್ 1960ರ ದಶಕದಲ್ಲಿ ಹಳೆಯ ಕೋವಿಗಳನ್ನೇ ಗುರುವಾಗಿಸಿಕೊಂಡು, ಉಪಕರಣಗಳ ಗಾಯದ ಗುರುತುಗಳನ್ನು ಓದಿ, ನಳಿಗೆಯಿಂದ ತಿರುಪಿನವರೆಗೆ ಎಲ್ಲವನ್ನೂ ಕೈಯಲ್ಲೇ ಮಾಡಿ ತೋರಿಸಿದರು. ಆ ದಶಕದ ಕೊನೆಗೆ ಅದು ಸಾಕ್ಷ್ಯಚಿತ್ರವಾಗಿ ದಾಖಲಾಯಿತು. ಅಲ್ಲಿಂದೀಚೆಗೆ ಆ ಕುಲುಮೆಯಲ್ಲಿ ಶಿಷ್ಯಪರಂಪರೆ ನಡೆದುಬಂದಿದೆ.

ಕಾನೂನೂ ಅಲ್ಲಿ ಈ ಹವ್ಯಾಸಕ್ಕೆ ಅನುಕೂಲಕರ. ಅಮೆರಿಕದ 1968ರ ಫೆಡರಲ್ ಕಾಯ್ದೆ ಚಕಮಕಿ ಕೋವಿಯನ್ನೂ ಅದರ ಪ್ರತಿಕೃತಿಯನ್ನೂ ಪುರಾತನ ವಸ್ತುವಿನ ವರ್ಗಕ್ಕೆ ಸೇರಿಸುತ್ತದೆ. ರಾಜ್ಯಗಳ ಕಟ್ಟಳೆಗಳು ಬೇರೆ ಇರಬಹುದು. ಭಾರತದಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಕೋವಿ ತಯಾರಿಸುವುದು ಅಪರಾಧ. ಕೊಡಗಿನವರಿಗೆ 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಗಳಿಗೆ ಮುಂದುವರಿಸಿದ ವಿನಾಯಿತಿಯೂ ಕೋವಿ ಹೊಂದುವುದಕ್ಕೇ ಹೊರತು ತಯಾರಿಕೆಗಲ್ಲ.

ವಿದ್ಯೆ ಮರಳಿದ್ದರಿಂದ ಹೊಸ ತಲೆನೋವೊಂದು ಹುಟ್ಟಿದೆ. ಇಂದಿನ ನಿಪುಣರು ಮಾಡಿದ ಕೋವಿಗೆ ತುಕ್ಕು ಹಿಡಿಸಿ, ಅಂಚುಗಳನ್ನು ಸವೆಸಿ, ಇನ್ನೂರು ವರ್ಷ ಬಳಸಿದಂತೆ ಕಾಣಿಸುವ ಕಲೆಯೂ ಬೆಳೆದಿದೆ. ಮಾಡಿದವನಿಗೆ ಅದು ಸೌಂದರ್ಯದ ಪ್ರಶ್ನೆ. ಕೈಯಿಂದ ಕೈಗೆ ದಾಟಿ ಮೂರನೆಯವನ ಬಳಿ ಬಂದಾಗ ಅದೇ ಕೋವಿ ಹಳೆಯದೆಂದು ಮಾರಾಟವಾಗುವ ಅಪಾಯವಿದೆ. ಆದ್ದರಿಂದ ಪ್ರಾಮಾಣಿಕ ಕೋವಿಗಾರರು ನಳಿಗೆಯ ಮೇಲ್ಮುಖದಲ್ಲಿ ತಮ್ಮ ಹೆಸರು ಕೆತ್ತುತ್ತಾರೆ. ಕೆಲವರು ಮರದೊಳಗೆ ಅಡಗುವ ತಳಭಾಗದಲ್ಲೂ ಹೆಸರು ಮತ್ತು ಇಸವಿಯನ್ನು ಒತ್ತುತ್ತಾರೆ. ಮೇಲಿನದನ್ನು ಯಾರಾದರೂ ಉಜ್ಜಿ ಅಳಿಸಿದರೂ, ನಳಿಗೆಯನ್ನು ಒಡಲಿನಿಂದ ಬಿಡಿಸಿದಾಗ ಒಳಗಿನದು ಸಿಗುತ್ತದೆ.